ಮೈದಾನದ ಅಂಚಿನಲ್ಲಿ ನಿಂತವರು



ಅಮೆರಿಕದ ಯೂಟಾ ರಾಜ್ಯದಲ್ಲಿ ಶಾಲಾ ಬಾಲಕಿಯೊಬ್ಬಳು ಸ್ಪರ್ಧೆಯೊಂದರಲ್ಲಿ ಉಳಿದವರನ್ನು ಬಹಳ ಹಿಂದಿಕ್ಕಿ ಗೆದ್ದಳು. ಎರಡನೆಯ, ಮೂರನೆಯ ಸ್ಥಾನ ಪಡೆದವರ ಹೆತ್ತವರಿಗೆ ಸಂಶಯ ಬಂತು: ಈಕೆ ನಿಜವಾಗಿ ಹೆಣ್ಣೇ? ದೂರು ಹೋಯಿತು. ಶಾಲಾ ಕ್ರೀಡಾ ಸಂಘದವರು ಆಕೆಯ ಮನೆಯವರಿಗೆ ತಿಳಿಸದೆ, ಶಿಶುವಿಹಾರದಿಂದ ಹಿಡಿದು ಎಲ್ಲ ದಾಖಲೆಗಳನ್ನು ತೆರೆದು ನೋಡಿದರು. ಎಲ್ಲೆಲ್ಲೂ ಹೆಣ್ಣೆಂದೇ ಬರೆದಿತ್ತು. 2022ರ ಆಗಸ್ಟಿನಲ್ಲಿ ಈ ಸಂಗತಿ ಬೆಳಕಿಗೆ ಬಂತು.

ಈ ಸಂಶಯಕ್ಕೆ ಹಿನ್ನೆಲೆಯೊಂದಿದೆ. ಗಂಡಾಗಿ ಹುಟ್ಟಿ ತಮ್ಮನ್ನು ಹೆಣ್ಣೆಂದು ಗುರುತಿಸಿಕೊಳ್ಳುವ ಮಕ್ಕಳು ಬಾಲಕಿಯರ ಸ್ಪರ್ಧೆಯಲ್ಲಿ ಭಾಗವಹಿಸಬಹುದೇ ಎಂಬ ವಾದ ಅಲ್ಲಿ ಜೋರಾಗಿತ್ತು. ಅದೇ ವರ್ಷದ ಮಾರ್ಚಿನಲ್ಲಿ ಯೂಟಾ ಶಾಸನಸಭೆ ಇದನ್ನು ನಿಷೇಧಿಸಿತು. ರಾಜ್ಯಪಾಲ ಸ್ಪೆನ್ಸರ್ ಕಾಕ್ಸ್ ಮಸೂದೆಯನ್ನು ತಿರಸ್ಕರಿಸಿ ಬರೆದ ಪತ್ರದಲ್ಲಿ ಒಂದು ಲೆಕ್ಕ ಕೊಟ್ಟರು: ಪ್ರೌಢಶಾಲಾ ಕ್ರೀಡೆಗಳಲ್ಲಿ 75,000 ಮಕ್ಕಳು, ಅವರಲ್ಲಿ ಇಂಥವರು 4 ಮಂದಿ, ಬಾಲಕಿಯರ ತಂಡದಲ್ಲಿ ಆಡುತ್ತಿದ್ದವಳು ಒಬ್ಬಳೇ. ಮೂರೇ ದಿನಗಳಲ್ಲಿ ಶಾಸನಸಭೆ ಆ ತಿರಸ್ಕಾರವನ್ನು ಮೀರಿ ಕಾನೂನು ಮಾಡಿತು.

ಹಾಗಾದರೆ ನ್ಯಾಯದ ಪ್ರಶ್ನೆಯೇ ಇಲ್ಲವೇ? ಖಂಡಿತ ಇದೆ. ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೆ ಎತ್ತರ, ಎಲುಬು, ಸ್ನಾಯುಗಳ ಬಲ ಹೆಚ್ಚು. ಆದ್ದರಿಂದಲೇ ಬಾಲಕಿಯರಿಗೆ ಬೇರೆ ಸ್ಪರ್ಧೆ. 1972ರಲ್ಲಿ ಶಿಕ್ಷಣದಲ್ಲಿ ಲಿಂಗಭೇದ ತಡೆಯುವ ಕಾನೂನು ಬಂದಾಗ ಅಮೆರಿಕದ ಪ್ರೌಢಶಾಲಾ ಕ್ರೀಡೆಗಳಲ್ಲಿದ್ದ ಹುಡುಗಿಯರು ಸುಮಾರು 3 ಲಕ್ಷ. ಇಂದು 30 ಲಕ್ಷಕ್ಕೂ ಅಧಿಕ. ಆ ಹುಡುಗಿಯರ ಬೆವರಿಗೆ ಬೆಲೆಯಿದೆ. ದೇಹವೂ ದೇವರ ವರದಾನವೆಂದು ಧರ್ಮಸಭೆ ಬೋಧಿಸುತ್ತದೆ. 2024ರಲ್ಲಿ ವ್ಯಾಟಿಕನ್ ಹೊರಡಿಸಿದ 'ದಿಗ್ನಿತಾಸ್ ಇನ್ಫಿನಿತಾ' ಘೋಷಣೆ ಲಿಂಗಬದಲಾವಣೆಯನ್ನು ಒಪ್ಪುವುದಿಲ್ಲ. ಆದರೆ ಅದೇ ಘೋಷಣೆ, ಯಾವ ಪರಿಸ್ಥಿತಿಯಲ್ಲೂ ಮಾನವ ವ್ಯಕ್ತಿಯ ಘನತೆ ಅಳಿಯದೆಂದು ಸಾರುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಕ್ಕು ನಮಗಿಲ್ಲ.

ಯಾರು ಯಾವ ತಂಡದಲ್ಲಿ ಆಡಬೇಕೆಂಬುದನ್ನು ಬಲ್ಲವರು ವಿವೇಕದಿಂದ ನಿರ್ಣಯಿಸಲಿ. ಮೈದಾನದ ಅಂಚಿನಲ್ಲಿ ನಿಂತ ನಮ್ಮ ಕಣ್ಣು, ನಾಲಿಗೆಗಳಿಗೆ ಮಾತ್ರ ನಾವೇ ಹೊಣೆ. ಆ ಹೆತ್ತವರು ನ್ಯಾಯ ಬೇಕೆಂದೇ ಹೊರಟಿರಬಹುದು. ಆದರೆ ಸಂಶಯಕ್ಕೆ ಬಾಗಿಲು ತೆರೆದರೆ ಅದು ಒಬ್ಬರ ಮನೆಯಲ್ಲೇ ನಿಲ್ಲುವುದಿಲ್ಲ. ಆ ನಾಲ್ವರಲ್ಲಿ ಒಬ್ಬಳಲ್ಲದ ಮಗುವೂ ಗೆದ್ದ ತಪ್ಪಿಗೆ ಗುಟ್ಟಿನ ತನಿಖೆಗೆ ಒಳಗಾಯಿತು.

ದೂರದ ದೇಶದ ಸುದ್ದಿ ನಮಗೇಕೆ ಎನ್ನಬೇಡಿ. ನಮ್ಮ ಶಾಲೆಗಳ ಕ್ರೀಡಾಕೂಟದಲ್ಲಿ ನಡಿಗೆ, ದನಿ ಬೇರೆಯಾಗಿರುವ ಹುಡುಗನಿಗೆ, ಗಟ್ಟಿಮುಟ್ಟಾದ ಹುಡುಗಿಗೆ ಅಡ್ಡಹೆಸರಿಟ್ಟು ನಕ್ಕವರು ನಮ್ಮಲ್ಲಿಲ್ಲವೇ? ಆ ಮಾತನ್ನು ನಮ್ಮ ಮಕ್ಕಳು ಎಲ್ಲಿ ಕಲಿತರು? ಊಟದ ಮೇಜಿನಲ್ಲಿ, ನಮ್ಮ ಬಾಯಿಂದಲೇ.

ಜೆಸ್ಸೆಯನ ಮಕ್ಕಳಲ್ಲಿ ಅರಸನನ್ನು ಆರಿಸಲು ಬಂದ ಪ್ರವಾದಿ ಸಮುವೇಲನೂ ಮೊದಲು ಎತ್ತರ, ಮೈಕಟ್ಟನ್ನೇ ನೋಡಿದ. ದೇವರು ಅವನನ್ನು ತಿದ್ದಿದರು; ಅವರ ದೃಷ್ಟಿ ಹೃದಯದ ಮೇಲಿತ್ತು. ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ವಾದಿಸಿದಾಗ ಪ್ರಭು ಯೇಸು ಒಂದು ಮಗುವನ್ನು ನಡುವೆ ನಿಲ್ಲಿಸಿ ಅಪ್ಪಿಕೊಂಡರು.

ಈ ವಾರದ ಆತ್ಮಶೋಧನೆಯಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ನನ್ನ ನೋಟದಿಂದ, ನನ್ನ ಮಾತಿನಿಂದ ಯಾವ ಮಗು ತಲೆ ತಗ್ಗಿಸಿತು? ಹೆಸರು ನೆನಪಾದರೆ ಅದಕ್ಕಾಗಿ ಪ್ರಾರ್ಥಿಸಿ. ಸಾಧ್ಯವಾದರೆ ಹೋಗಿ, ಕ್ಷಮೆ ಕೇಳಿ.