ಆಟದ ನಗರವೂ ಅಂತರಂಗಶುದ್ಧಿಯೂ

ಅಮೆರಿಕೆಯ ವಿಲ್ ರೈಟ್ ಎಂಬವರು ರಚಿಸಿದ, ೧೯೮೯ರಲ್ಲಿ ಹೊರಬಂದ 'ಸಿಮ್‌ಸಿಟಿ' ಎಂಬ ಗಣಕಯಂತ್ರದ ಆಟದಲ್ಲಿ ಆಡುವವನೇ ನಗರಾಧ್ಯಕ್ಷನು. ರಸ್ತೆ ಹಾಕುವವನೂ ತೆರಿಗೆ ವಿಧಿಸುವವನೂ ಆತನೇ. ಬೇಸರವಾದರೆ ಪಟ್ಟಿಯೊಂದರಿಂದ ಬೆಂಕಿ, ಪ್ರವಾಹ, ಭೂಕಂಪಗಳನ್ನು ಆರಿಸಿ ಊರ ಮೇಲೆ ಬಿಡಬಹುದು. ಅಲ್ಲಿ ಮನೆಗಳುಂಟು, ಮುಖಗಳಿಲ್ಲ. ಜನರೆಂದರೆ ಬರಿಯ ಸಂಖ್ಯೆ. ನೋಯುವ ಜೀವವೇ ಇಲ್ಲದೆಡೆ ನಿರ್ದಯತೆಗೆ ದೋಷವೆಲ್ಲಿಯದೆಂದು ತಾರ್ಕಿಕರು ಕೇಳಬಹುದು. ಜೀವಹಿಂಸೆಯಲ್ಲ, ಒಪ್ಪೋಣ. ಆದರೆ ಶರಣರು ಬಹಿರಂಗದೊಡನೆ ಅಂತರಂಗದ ಶುದ್ಧಿಯನ್ನೂ ಬಯಸಿದವರು. ರಸ್ತೆಗಾಗಿ ವಸತಿಯೊಂದನ್ನು ನೆಲಸಮ ಮಾಡುವಾಗ ಆಟಗಾರನಿಗೆ ಕಾಣುವುದು ವೆಚ್ಚ ಮಾತ್ರ. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಆಟವು ಕೇಳುವುದಿಲ್ಲ. ನಿಜವಾದ ನಗರದ ನಕ್ಷೆಯ ಮುಂದೆ ಕುಳಿತ ಅಧಿಕಾರಿಗೂ ಊರು ಹೀಗೆಯೇ ಮೇಲಿನಿಂದ ಕಾಣುವುದಲ್ಲವೆ? ಆಟವನ್ನು ನಿಷೇಧಿಸಬೇಕೆಂದಲ್ಲ, ಕಟ್ಟುವ ಸಂತೋಷವೂ ಅದರಲ್ಲುಂಟು. ಆಡುವವರಲ್ಲಿಯೇ ಕೆಲವರು ತಾವು ಕಟ್ಟಿದ ಬೀದಿಯನ್ನು ಕೆಡವಲು ಹಿಂಜರಿದು, ಹೆಚ್ಚು ವೆಚ್ಚವಾದರೂ ರಸ್ತೆಯನ್ನು ಬಳಸಿ ಒಯ್ಯುವುದುಂಟು.