ಮಗನ ಸಾಲ, ಮೊಹಲ್ಲಾದ ಖೈರಾತು

ರಮಝಾನ್‌ನಲ್ಲಿ ರೇಷನ್ ಕಿಟ್ ಹಂಚುತ್ತಿದ್ದೆವು. ನಮ್ಮ ಮೊಹಲ್ಲಾದ ಖಾಲಾ ಒಬ್ಬರು ಚೀಲ ಮುಟ್ಟಲಿಲ್ಲ. "ಝಕಾತ್‌ದಾ ಬೇಟಾ? ಅಂಗಡಿ ಇರೋ ಮಗ ಇರುವಾಗ ನನಗಿದು ಸಲ್ಲುತ್ತಾ?" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಝಕಾತನ್ನು ಸ್ವಂತ ತಂದೆ-ತಾಯಿಗೆ ಕೊಡುವಂತಿಲ್ಲ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಇದನ್ನು ಕೇಳಿ, ಇದೆಂಥ ನಿಯಮ ಎನಿಸಿತ್ತು. ಹೆತ್ತವರ ಅನ್ನ, ಔಷಧ ಮಕ್ಕಳ ಮೇಲಿನ ಸಾಲ. ಸಾಲ ತೀರಿಸಿ ಅದನ್ನು ದಾನವೆಂದು ಬರೆದುಕೊಳ್ಳಲಾಗದು ಎಂಬುದು ಅರ್ಥವಾಗಲು ಮೀಸೆ ನರೆಯಬೇಕಾಯಿತು. ಹಾಗಾದರೆ ಮಗನ ಸಾಲವನ್ನು ಜಮಾಅತ್ ಸದ್ದಿಲ್ಲದೆ ತೀರಿಸಿದಾಗ ನೆರವು ಸಿಕ್ಕಿದ್ದು ತಾಯಿಗೋ, ಮಗನಿಗೋ? ಹಾಗೆಂದು ಚೀಲ ಕೊಡದಿರಲೂ ಆಗದು. ಹಸಿವು ಫತ್ವಾಕ್ಕೆ ಕಾಯುವುದಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯೂ ಇದನ್ನು ಹಕ್ಕೆಂದೇ ಕಾಣುತ್ತದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಶರತ್ತಿನ ಮೇಲೆ ಬರೆದುಕೊಟ್ಟ ಮನೆಯನ್ನೂ, ಶರತ್ತು ಮುರಿದರೆ, ಹಿಂಪಡೆಯಬಹುದು. ಖಾಲಾಗೆ ಇದನ್ನು ಹೇಳಿದೆ. "ಮಗನ ಹೆಸರನ್ನು ಕಚೇರಿಯಲ್ಲಿ ಕೂಗಿಸಲಾ?" ಎಂದರು. ಹಿರಿಯರು ಒಪ್ಪಿದರೆ ಅವರ ಪರವಾಗಿ ಬೇರೆಯವರೂ ಅರ್ಜಿ ಹಾಕಬಹುದು ನಿಜ. ಆ ಒಪ್ಪಿಗೆಯನ್ನು ಯಾವ ತಾಯಿ ಕೊಟ್ಟಾಳು?

ನಿಕಾಹ್‌ನಲ್ಲಿ ಮಹರ್ ಎಷ್ಟೆಂದು ನಾಲ್ಕು ಜನರೆದುರು ಕೇಳಿ ಬರೆಸುವ ಜಮಾಅತ್, ತಾಯಿಯ ಔಷಧದ ಖರ್ಚು ಯಾರದೆಂದು ಏಕೆ ಕೇಳಬಾರದು? ಕಮಿಟಿಯಲ್ಲಿ ಕೇಳಿಯೇಬಿಟ್ಟೆ. "ಅದು ಮನೆಯೊಳಗಿನ ವಿಷಯ ಭಾಯಿ" ಎಂದರು ಹಿರಿಯರು. ನಾನೂ ಸುಮ್ಮನಾದೆ. ಮೇಲೆ ತಿರುಗುತ್ತಿದ್ದುದು ಆ ಮಗನೇ ಮಸೀದಿಗೆ ಕೊಟ್ಟ ಫ್ಯಾನು.