ಬಡಗಿಯ ಪ್ರಾಮಾಣಿಕತೆಗೆ ಕೂಲಿ ಕೊಡುವವರಾರು?

ಕೆಲಸಗಾರ ಪ್ರಾಮಾಣಿಕನಾಗಿರಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಆದರೆ ಪ್ರಾಮಾಣಿಕತೆಗೂ ಒಂದು ಖರ್ಚಿದೆ. ಅದನ್ನು ಯಾರು ಹೊರಬೇಕು ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಮನೆ ಕಟ್ಟುವ ಜಾಗದಲ್ಲಿ, ಅದರಲ್ಲೂ ಬಡಗಿಯ ಮುಂದೆ, ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿ ಹಿಂದೆ ಬಡಗಿಯೆಂದರೆ ನೇಗಿಲು, ನೊಗ, ಗಾಡಿ, ಬಾಗಿಲು ಮಾಡಿಕೊಡುವವನು. ಸುಗ್ಗಿಯಲ್ಲಿ ರೈತ ಅವನಿಗೆ ಆಯ ಅಳೆದು ಕೊಡುತ್ತಿದ್ದ. ನೇಗಿಲು ಮುರಿದರೆ ಅದೇ ಬೀದಿಗೆ ಬಂದು ಕೇಳುತ್ತಿದ್ದ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟೂ ಇತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಮಾಡಿದವನೂ ಬಳಸುವವನೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಟ್ರ್ಯಾಕ್ಟರ್ ಬಂದು ಮರದ ನೇಗಿಲು ಮೂಲೆ ಸೇರಿತು. ಮರದ ಬಾಗಿಲಿಗೆ ಪ್ಲೈವುಡ್ಡು, ಕಬ್ಬಿಣ ಪೈಪೋಟಿಗೆ ನಿಂತವು. ಇಂದು ಈ ಕಡೆಯಿಂದ ಮೈಸೂರು, ಬೆಂಗಳೂರುಗಳಿಗೆ ಕಟ್ಟಡ ಕೆಲಸಕ್ಕೆ ಹೋಗುವವರಲ್ಲಿ ಎಲ್ಲ ಜಾತಿ, ಧರ್ಮದ ಯುವಕರೂ ಇದ್ದಾರೆ. ಅವರಲ್ಲಿ ಹಲವರದು ಸೆಂಟ್ರಿಂಗ್ ಕೆಲಸ.

ಸೆಂಟ್ರಿಂಗಿನದು ವಿಚಿತ್ರ ಪಾಡು. ತಾರಸಿಗೆ ಮುನ್ನ ಹಲಗೆ, ಶೀಟು, ಕಂಬಗಳಿಂದ ಅಚ್ಚು ಕಟ್ಟಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನೆಲ್ಲ ಬಿಚ್ಚಿ ಒಯ್ಯಬೇಕು. ಗೃಹಪ್ರವೇಶದ ದಿನ ಬಡಗಿಯ ಕೈಕೆಲಸ ಕಣ್ಣಿಗೆ ಕಾಣುವುದೇ ಇಲ್ಲ.

ಯಾವಾಗ ಬಿಚ್ಚಬೇಕು ಎಂಬುದಕ್ಕೆ ಲೆಕ್ಕವಿದೆ. 2000ದ ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿದ್ದರೆ, ಗೋಡೆಯಿಂದ ಗೋಡೆಗೆ 4.5 ಮೀಟರ್‌ವರೆಗಿನ ತಾರಸಿಯ ಆಧಾರ ಕಂಬಗಳನ್ನು 7 ದಿನ, ಅದಕ್ಕೂ ಅಗಲವಾದರೆ 14 ದಿನ ತೆಗೆಯಬಾರದು. 6 ಮೀಟರ್ ಮೀರಿದ ತೊಲೆಗೆ 21 ದಿನ. ಹಾರುಬೂದಿ ಬೆರೆತ ಸಿಮೆಂಟಾದರೆ ಇನ್ನಷ್ಟು ತಾಳ್ಮೆ ಬೇಕು.

ಆದರೆ ಶೀಟಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ಗುತ್ತಿಗೆದಾರನಿಗೆ ಇನ್ನೊಂದು ಸೈಟು ಕಾದಿದೆ. "ನಾಳೆ ಬಿಚ್ಚಿಬಿಡು" ಎಂದು ಹೇಳಿಕೆ ಬರುತ್ತದೆ. "ಇನ್ನೊಂದು ನಾಕು ದಿನ ಬುಡಿ ಅಣ್ಣ" ಎಂದ ಬಡಗಿಗೆ ಆ ದಿನದ ಕೂಲಿ ಹೋಗುತ್ತದೆ, ಮುಂದಿನ ಕೆಲಸಕ್ಕೆ ಬೇರೆಯವನಿಗೆ ಕರೆ ಹೋಗುತ್ತದೆ. ಬಿಚ್ಚಿದರೆ? ಬಹಳ ಸಲ ಏನೂ ಆಗುವುದಿಲ್ಲ. ಆತುರಕ್ಕೆ ಧೈರ್ಯ ಬರುವುದೇ ಇದರಿಂದ. ಆದ ದಿನ ಮಾತ್ರ ಕೆಳಗೆ ಇದ್ದವರು ಉಳಿಯುವುದಿಲ್ಲ.

ಇಲ್ಲಿ ಹೊಣೆ ಯಾರದು? ಹೇಳಿದಂತೆ ಮಾಡಿದವನ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ತಿಳಿದೂ ಮಾಡಿದವನೇ ತಪ್ಪಿತಸ್ಥ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಅರ್ಧಸತ್ಯ. ತಿಳಿದವನು ಹೇಳಲೇಬೇಕು, ಆ ತಾರಸಿಯಡಿ ಮಲಗುವ ಮಗುವಿನ ಜೀವ ಅವನ ಕೈಯಲ್ಲಿರುವ ಅಮಾನತ್ತು. ಶರಣರು ಕಾಯಕವನ್ನು ಹೊಟ್ಟೆಪಾಡಿಗಿಂತ ದೊಡ್ಡದೆಂದು ಕಂಡದ್ದೂ ಇದೇ ಅರ್ಥದಲ್ಲಿ. ಆದರೆ ನಿಜ ಹೇಳಿದವನ ಒಲೆ ಆರಿಸಿ, ಆಮೇಲೆ ಅವನಿಗೆ ನೀತಿ ಬೋಧಿಸುವ ಹಕ್ಕು ನಮಗಿಲ್ಲ.

ಮನೆ ಕಟ್ಟಿಸುವವನೂ ಬಡವನೇ ಆಗಿರಬಹುದು ಎಂಬ ಮಾತಿದೆ. ನಿಜ. ಸರಕಾರಿ ವಸತಿ ಯೋಜನೆಯ ಹಣ ಕಂತಿನಲ್ಲಿ ಬರುತ್ತದೆ. ಒಂದು ಹಂತ ಮುಗಿಯದೆ ಮುಂದಿನ ಕಂತಿಲ್ಲ. ಅವನ ಆತುರ ದುರಾಸೆಯಲ್ಲ. ಆದರೂ ನಾಲ್ಕು ದಿನದ ಬಾಡಿಗೆ ಇಡೀ ಮನೆಯ ಖರ್ಚಿನಲ್ಲಿ ಸಣ್ಣ ಪಾಲು. ಬಡಗಿಗೆ ನಾಲ್ಕು ದಿನದ ಕೂಲಿಯೆಂದರೆ ವಾರದ ಅಕ್ಕಿ, ಬೇಳೆ.

ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ನಾವು ಬೇಗ ಕೊಡುವ ಮಾತೆಂದಷ್ಟೇ ತಿಳಿದಿದ್ದೇವೆ. ಕೆಲಸ ಮಾಡದೆ ಕಾಯುವುದೇ ಸರಿಯಾದ ಕೆಲಸವಾದ ದಿನಗಳೂ ಇವೆ. ಆ ದಿನಗಳ ಕೂಲಿಯನ್ನು ಕರಾರಿನಲ್ಲೇ ಮೊದಲು ಸೇರಿಸಬೇಕು. ಇನ್ನೊಂದು ಋಣವೂ ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕೇಳುತ್ತಿದ್ದಂತೆಯೇ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನದ ದುಡಿಮೆ ಕೇಳುತ್ತದೆ. ಹತ್ತು ಮನೆಗಳಲ್ಲಿ ಚೂರುಚೂರಾಗಿ ದುಡಿದವನ ದಿನಗಳನ್ನು ದೃಢಪಡಿಸಬೇಕಾದವರು ಕೆಲಸ ಕೊಟ್ಟ ನಾವೇ.

ತಾರಸಿ ಭದ್ರವಾಗಿರಲಿ ಎಂದು ಬಯಸುವವರು, "ಇನ್ನೂ ಬಿಚ್ಚಬೇಡಿ" ಎನ್ನುವ ಬಡಗಿಯನ್ನು ಮುಂದಿನ ಕೆಲಸಕ್ಕೂ ಕರೆಯಬೇಕು.